ಬೀಗರ ಊರಿನ ಗೋರಿಗಳು

ನನ್ನ ಅಳಿಯ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯವನು. ಕುರಿ ಸಾಕುವ ಮನೆತನ. ಅಬುಧಾಬಿಯಲ್ಲಿ ನನ್ನ ಮಗಳ ಆಫೀಸಿನಲ್ಲೇ ಕೆಲಸಕ್ಕಿದ್ದ, ಪರಿಚಯವಾಗಿ ಮದುವೆಯಾದರು. ಮೊಮ್ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಉಡುಪಿಯಿಂದ ಬಂದ ನಾನು ಇಲ್ಲೇ ಉಳಿದುಬಿಟ್ಟೆ.

ಮಗು ಹುಟ್ಟಿದ ಮೇಲೆ ಅವನಿಗೆ ತನ್ನ ಹಿಂದಿನ ತಲೆಮಾರುಗಳನ್ನು ಹುಡುಕುವ ಹುಚ್ಚು ಹಿಡಿಯಿತು. ಭಾನುವಾರ ಊಟವಾದ ಕೂಡಲೇ ಅಪ್ಪನಿಗೆ ವಿಡಿಯೊ ಕಾಲ್ ಮಾಡುತ್ತಿದ್ದ. ಅಲ್ಲಿ ಬೀಗರು ಚರ್ಚಿನ ಹಿಂದಿನ ಗೋರಿಗಳ ನಡುವೆ ನಡೆಯುತ್ತ, ಕಲ್ಲಿನ ಪಾಚಿ ಕೆರೆದು ಹೆಸರು ಓದುವರು; ಇಲ್ಲಿ ಇವನು ಕಂಪ್ಯೂಟರಿನಲ್ಲಿ ಹುಡುಕಿ, ಇವರು ಇಂಥವರ ಮಗ ಎಂದು ಜೋಡಿಸುವನು. ಅಜ್ಜ, ಮುತ್ತಜ್ಜ, ಮುತ್ತಜ್ಜನ ಅಪ್ಪ, ಎಲ್ಲರೂ ಕುರಿ ಕಾಯ್ದವರು, ಎಲ್ಲರೂ ಅದೇ ಮಣ್ಣಿನಲ್ಲಿ. ಮುತ್ತಜ್ಜನ ತಮ್ಮನೊಬ್ಬ ಮಾತ್ರ ಅಲ್ಲಿಲ್ಲ. ಸೈನ್ಯ ಸೇರಿ ಹೋದವನ ಗೋರಿ ಯಾವ ದೇಶದಲ್ಲಿದೆಯೋ ಯಾರಿಗೂ ತಿಳಿಯದು.

"ನಿಮ್ಮ ಕಡೆಯವರದ್ದೂ ಹುಡುಕಲಾ ಅಮ್ಮಾ?" ಎಂದು ಒಮ್ಮೆ ಇಂಗ್ಲಿಷಿನಲ್ಲಿ ಕೇಳಿದ.

"ನಮ್ಮಲ್ಲಿ ಸುಡುದು ಮಾರಾಯ, ಕಲ್ಲು ಎಲ್ಲಿಂದ ಬರ್ಬೇಕು? ಮತ್ತೆ ನಮ್ಮ ಬಳಿ, ಅಂದ್ರೆ ಕುಲ, ಬರುದು ತಾಯಿಯಿಂದ. ನಿನ್ನ ಮಗಳು ನಮ್ಮ ಮನೆತನದವಳು, ಗೊತ್ತುಂಟಾ?"

ನನ್ನ ಮಗಳು ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಾಗ ಜೋರಾಗಿ ನಕ್ಕ. "ಹಾಗಾದರೆ ಅವಳು ಎರಡೂ ಕಡೆಯವಳು" ಎಂದ.

ಶನಿವಾರ ಬೆಳಿಗ್ಗೆ ನನ್ನನ್ನು ಅಲ್ ಮೀನಾದ ಮೀನು ಮಾರುಕಟ್ಟೆಗೆ ಕರೆದೊಯ್ಯುವುದು ಅವನಿಗೆ ಇಷ್ಟದ ಕೆಲಸ. ಮೊಮ್ಮಗಳು ಶಾಲೆಗೆ ಹೋಗತೊಡಗಿದ ವರ್ಷ, ಅಂಥ ಒಂದು ಶನಿವಾರ ನಾನು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದೆ. ಹಿಂದಿನಿಂದ "ಅಮ್ಮಾ" ಎಂದ. ತಿರುಗುವಷ್ಟರಲ್ಲಿ ನೆಲದ ಮೇಲಿದ್ದ. ಮೀನು ಕೊಯ್ಯುವವರು ಕತ್ತಿ ಬಿಟ್ಟು ಓಡಿ ಬಂದರು. "ಯಲ್ಲಾ, ಯಲ್ಲಾ" ಎನ್ನುತ್ತ ಜನರನ್ನು ಸರಿಸಿ ಆಂಬುಲೆನ್ಸಿಗೆ ದಾರಿ ಮಾಡಿಕೊಟ್ಟರು. ನಾನು ಅವನ ಕೈ ಹಿಡಿದೇ ಕೂತಿದ್ದೆ. ಆಸ್ಪತ್ರೆ ಮುಟ್ಟುವ ಮೊದಲೇ ಆ ಕೈ ತಣ್ಣಗಾಗಿತ್ತು. ಹೃದಯ ನಿಂತಿತ್ತು ಎಂದರು ಡಾಕ್ಟರು.

ಬೀಗರು ಬಂದರು. ಜೀವಮಾನದಲ್ಲಿ ಎಂದೂ ವಿಮಾನ ಹತ್ತದಿದ್ದವರು, ಆ ಸೆಕೆಯಲ್ಲೂ ದಪ್ಪ ಕಪ್ಪು ಕೋಟು ತೊಟ್ಟಿದ್ದರು. ಮಗನನ್ನು ಊರಿಗೆ ಒಯ್ದು ಅವನ ತಾಯಿಯ ಗೋರಿಯ ಪಕ್ಕದಲ್ಲಿ ಮಲಗಿಸಬೇಕೆಂದೇ ಬಂದವರು. ಮಗಳು ಅಳುತ್ತಲೇ ಒಪ್ಪಿದ್ದಳು. ಆದರೆ ಮೊಮ್ಮಗಳು ಅಜ್ಜನ ಮೊಣಕಾಲ ಬಳಿ ನಿಂತು, "ದೆನ್ ವೆನ್ ಕ್ಯಾನ್ ಐ ವಿಸಿಟ್ ಡ್ಯಾಡಿ?" ಎಂದು ಕೇಳಿಬಿಟ್ಟಳು.

ಬೀಗರು ಎದ್ದು ಬಾಲ್ಕನಿಗೆ ಹೋದರು. ನಾನು ಚಹಾ ತೆಗೆದುಕೊಂಡು ಹೋದೆ.

"ನಮ್ಮ ಮನೆತನದಲ್ಲಿ ಒಬ್ಬ ಹೊರದೇಶದಲ್ಲಿ ಮಣ್ಣಾದದ್ದು ಸಾಲದೇ?" ಎಂದರು.

ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ: "ಅವನ ಗೋರಿ ಯಾರಿಗೂ ಗೊತ್ತಿಲ್ಲ. ಇವನದ್ದು ಮಗಳಿಗೆ ಗೊತ್ತಿರುತ್ತದೆ."

ಅವರು ಲೋಟ ಕೆಳಗಿಟ್ಟು ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ಮರುದಿನ ಬೆಳಿಗ್ಗೆ ಸೊಸೆಯನ್ನು ಕರೆದು, "ಇಲ್ಲೇ ಇರಲಿ" ಎಂದರು.

ಊರಾಚೆಯ ಕ್ರೈಸ್ತ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಗಾಳಿಗೆ ಮರಳು ಮತ್ತೆ ಮತ್ತೆ ಗುಂಡಿಯೊಳಕ್ಕೆ ಜಾರುತ್ತಿತ್ತು. ಬೀಗರು ಒಂದು ಹಿಡಿ ಎತ್ತಿಕೊಂಡು ಬೆರಳುಗಳಲ್ಲಿ ಉಜ್ಜಿ ನೋಡಿದರು. "ಇದು ಮಣ್ಣೇ ಅಲ್ಲ" ಎಂದರು, ತಮ್ಮಷ್ಟಕ್ಕೇ.

ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದರು: "ಕೆಲಸ ಮುಗಿದ ಮೇಲೆ ಈ ದೇಶದಿಂದ ಎಲ್ಲರೂ ಹೋಗಲೇಬೇಕಂತೆ. ಆಮೇಲೆ ಅವನ ಹತ್ತಿರ ಯಾರಿರುತ್ತಾರೆ?"

ನಾನು ಅವರ ಚೀಲವನ್ನು ಎತ್ತಿ ಕೈಗೆ ಕೊಟ್ಟೆ. ಮುಂದೆ ಬೇರೆ ದೇಶದಲ್ಲಿ ಒಳ್ಳೆಯ ಕೆಲಸ ಬಂದರೂ ಮಗಳು ಬೇಡವೆಂದಳು. ವೀಸಾ ನವೀಕರಿಸುವ ಹೊತ್ತು ಬಂದಾಗಲೆಲ್ಲ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಬೀಗರು ಕುರಿಗಳನ್ನೆಲ್ಲ ಮಾರಿದ್ದಾರೆ. ಮೊಣಕಾಲು ನೋವಿನಿಂದ ಚರ್ಚಿನವರೆಗೆ ನಡೆಯಲಾಗುವುದಿಲ್ಲ. ಆದರೂ ಭಾನುವಾರ ಫೋನು ಮಾಡುತ್ತಾರೆ. ಅವನಲ್ಲಿಗೆ ಹೋಗಿ ಬಂದಿರಾ ಎಂದಷ್ಟೇ ಕೇಳುತ್ತಾರೆ. ಹೋಗಿದ್ದೆವು ಎನ್ನುತ್ತೇನೆ. ಬೇಸಿಗೆಯಲ್ಲಿ ಅವನ ಕಲ್ಲು ಕೈಯಿಡಲಾಗದಷ್ಟು ಕಾದಿರುತ್ತದೆ ಎಂಬುದನ್ನು ಅವರಿಗೆ ಇದುವರೆಗೆ ಹೇಳಿಲ್ಲ.