ತೆಂಗಿನ ನೀರು ಕುಡಿದ ಕಂಪ್ಯೂಟರು

ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಳ್ಳಬೇಕು, ಅದರ ತರಹಗಳಲ್ಲಿ ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳುವವರು ಈಗ ಉಮರಗಾದಲ್ಲೂ ನಿಲಂಗಾದಲ್ಲೂ ಇದ್ದಾರೆ. ಯಾವುದು ಒಳ್ಳೆಯದು ಅನ್ನುವುದನ್ನು ನಾನು ಆಮೇಲೆ ಹೇಳುತ್ತೇನೆ. ಮೊದಲು ಕೇಳುವುದು, ಮಶೀನು ಎಲ್ಲಿಡುತ್ತೀರಿ, ದೇವರ ಜಗಲಿ ಅಲ್ಲಿಂದ ಎಷ್ಟು ದೂರ ಎಂದು. ಕೇಳಿದವರು ನಗುತ್ತಾರೆ. ನಗಲಿ, ನನಗೇನು, ಪಟ್ಟ ಪಾಡು ನನ್ನದು.

ನಾನು ಭಾಲ್ಕಿ ಕಡೆಯವಳು. ಕನ್ನಡ ಶಾಲೆಯಲ್ಲಿ ಕಲಿತು, ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ. ಮದುವೆಯಾಗಿ ಗಡಿ ದಾಟಿ ಮರಾಠಿ ಸೀಮೆಯ ತುರೋರಿಗೆ ಬಂದೆ. ಗಂಡ ಲಾರಿ ಓಡಿಸುತ್ತಾನೆ, ಅತ್ತೆ ಕುರಿ ಕಾಯುತ್ತಾಳೆ. ಮನೆಯಲ್ಲಿ ಎಲ್ಲರ ಮಾತೂ ಕನ್ನಡವೇ; ಆದರೆ ಓದು ಬರಹ ಬಂದವರಿಗೆಲ್ಲ ಬಂದದ್ದು ಮರಾಠಿ. ನಾನು ಬರೆಯಬಲ್ಲ ಕನ್ನಡಕ್ಕೆ ಇಲ್ಲಿ ಗಿರಾಕಿಯೇ ಇರಲಿಲ್ಲ. ವರ್ಷಗಟ್ಟಲೆ ಬೆರಳುಗಳು ರೊಟ್ಟಿ ಬಡಿಯುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಉಣ್ಣಲು ಉಡಲು ಕಡಿಮೆ ಇಲ್ಲವಲ್ಲ ಎಂದು ಹೇಳುವವರಿಗೆ ಈ ಸಂಕಟ ತಿಳಿಯುವುದಿಲ್ಲ. ನನಗೆ ನನ್ನದೇ ಅನ್ನುವ ಒಂದು ಕೆಲಸ ಬೇಕಾಗಿತ್ತು, ಅಷ್ಟೆ.

ಅಣ್ಣ ತನ್ನ ಫೋಟೋ ಸ್ಟುಡಿಯೋಕ್ಕೆ ಹೊಸ ಕಂಪ್ಯೂಟರು ತಂದಾಗ ಹಳೆಯದನ್ನು ನನಗೆ ಕೊಟ್ಟ. ಅದರೊಳಗೆ ಊರಿನವರ ಪೆನ್‌ಡ್ರೈವುಗಳಿಂದ ಬಂದ ವೈರಸ್ಸುಗಳೆಲ್ಲ ಸಂಸಾರ ಹೂಡಿದ್ದವು. ಬೆಳಗ್ಗೆ ಚಾಲೂ ಮಾಡಿದರೆ ಚಹಾ ಕುಡಿದು, ಅಂಗಳ ಗುಡಿಸಿ ಬಂದರೂ ಪರದೆಯ ಮೇಲೆ ಗೋಲವೊಂದು ತಿರುಗುತ್ತಲೇ ಇರುತ್ತಿತ್ತು. ಆ ಸಿಟ್ಟಿಗೇ ನಾನು, ಕಂಪ್ಯೂಟರು ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್ ಕಡೆ ಹೊರಳಿದ್ದು. ಜ್ಞಾನಕ್ಕಿಂತ ಸಿಟ್ಟೇ ನನಗೆ ಹೆಚ್ಚು ವಿದ್ಯೆ ಕಲಿಸಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲಿನಕ್ಸ್ ಕೈಗೆ ಸಿಕ್ಕ ತಕ್ಷಣ ಕಂಪ್ಯೂಟರಿನ ಡಿಸ್ಕಿನ ಮೇಲೆ ಇಳಿಸಬೇಡಿ. ಪೆನ್‌ಡ್ರೈವಿನಿಂದಲೇ ಅದು ನಡೆಯುತ್ತದೆ. ಕೆಲವು ದಿನ ಹಾಗೇ ನಡೆಸಿ ನೋಡಿ. ಧ್ವನಿ ಬರುತ್ತದೆಯೇ, ಮೊಬೈಲಿನ ನೆಟ್ ಹಿಡಿಯುತ್ತದೆಯೇ, ಮುಖ್ಯವಾಗಿ ಪ್ರಿಂಟರು ಮಾತು ಕೇಳುತ್ತದೆಯೇ. ಹಳೆಯ ಮಶೀನಾದರೆ ಹಗುರವಾದದ್ದನ್ನು ಆರಿಸಿ. ಹೊಸದಾಗಿ ಬಂದದ್ದಕ್ಕೆ ಆಸೆಪಡಬೇಡಿ, ಬಹಳ ವರ್ಷ ಸಂಭಾಳಿಸುತ್ತೇವೆ ಎಂದು ಮಾಡಿದವರು ಹೇಳಿರುವಂಥದ್ದನ್ನು ತಗೊಳ್ಳಿ. ಇಂಟರ್‌ನೆಟ್ಟಿನಲ್ಲಿ ಯಾರೋ ಬರೆದ ಆಜ್ಞೆಯನ್ನು ಅರ್ಥ ತಿಳಿಯದೆ ಅಂಟಿಸಿದರೆ, ಮಾಡಿದ್ದುಣ್ಣೋ ಮಹಾರಾಯ. ನಾನು ಹಾಗೆ ಎರಡು ಸಲ ಉಂಡಿದ್ದೇನೆ.

ಮಶೀನು ಸರಿಯಾದ ಮೇಲೆ ಉಮರಗಾದಲ್ಲಿ ಟೈಪಿಂಗಿನ ಒಂದು ಅಂಗಡಿಗೆ ಹೋಗಿ ಕೆಲಸ ಕೇಳಿದೆ. ಮಾಲಕ ಕನ್ನಡಕ ಮೇಲೆ ಸರಿಸಿ, "ಮರಾಠೀ ಟಾಯಪಿಂಗ ಯೇತೆ ಕಾ, ತಾಯೀ?" ಅಂದ. "ಯೇತೆ ಕೀ," ಬರುತ್ತದಲ್ಲ, ಅಂದುಬಿಟ್ಟೆ. ಜನ್ಮದಲ್ಲಿ ಒಂದು ಸಾಲು ಮರಾಠಿ ಟೈಪು ಮಾಡಿದವಳಲ್ಲ. ಶಾಲೆಯಲ್ಲಿ ಹಿಂದಿ ಕಲಿತಿದ್ದರಿಂದ ಅಕ್ಷರ ಓದಲು ಬರುತ್ತಿತ್ತು, ಬಂಡವಾಳ ಅಷ್ಟೇ.

ಮನೆಗೆ ಬಂದು ಕೀಬೋರ್ಡಿನ ಆಯ್ಕೆಗಳನ್ನು ತೆರೆದೆ. ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇತ್ತು, ಅದರ ಕೆಳಗೆ ಮರಾಠಿಯದನ್ನೂ ಸೇರಿಸಿದೆ. ಬೆರಳು ಇಟ್ಟೆ. ಕನ್ನಡದ 'ಕ' ಇದ್ದ ಕೀಲಿಯಲ್ಲೇ ಮರಾಠಿಯ 'ಕ' ಮೂಡಿತು. 'ತ' ಇದ್ದಲ್ಲಿ 'ತ', ಕೊಂಬು ಇದ್ದಲ್ಲಿ ಕೊಂಬು. ಭಾಲ್ಕಿಯ ಪ್ರೆಸ್ಸಿನಲ್ಲಿ ಪಳಗಿದ ಬೆರಳಿಗೆ ಮರಾಠಿ ಆಗಲೇ ಬರುತ್ತಿತ್ತು. ನನಗೇ ಸುದ್ದಿ ಇರಲಿಲ್ಲ. ಅವತ್ತು ನಾನು ಒಬ್ಬಳೇ ಕೂತು ನಕ್ಕದ್ದನ್ನು ಕೇಳಿ ಅತ್ತೆ ಬಾಗಿಲಿಗೆ ಬಂದು ನೋಡಿ ಹೋದಳು.

ಮಾಲಕ ಕೊಟ್ಟ ಮೊದಲ ಕೆಲಸ ಒಂದು ಪುಸ್ತಕ. ಶಿರೂರ ಅನಂತಪಾಳದ ಹಿರಿಯ ರೈತರೊಬ್ಬರು ತಮ್ಮ ಬೇಸಾಯದ ಅನುಭವವನ್ನೆಲ್ಲ ಕೈಯಲ್ಲಿ ಬರೆದಿದ್ದರು. ದಸರೆಯ ಮರುದಿನ ಮಧ್ಯಾಹ್ನ ಲಾತೂರಿನ ಪ್ರೆಸ್ಸಿನವರು ಬಂದು ಒಯ್ಯುತ್ತಾರೆ, ಅಷ್ಟರಲ್ಲಿ ಮುಗಿದರೆ ಮುಂದಿನ ಕೆಲಸವೂ ನಿನ್ನದು, ಮುಗಿಯದಿದ್ದರೆ ಮತ್ತೆ ಈ ಕಡೆ ಬರಬೇಡ ಎಂದು ಮಾಲಕ ಮುಖಕ್ಕೆ ಹೇಳಿದ. ಸಿಹಿ ಮಾತಾಡಿ ಕೈಕೊಡುವವರಿಗಿಂತ ಇಂಥವರು ವಾಸಿ. ಹಗಲು ಟೈಪು ಮಾಡುತ್ತಿದ್ದೆ. ರೊಟ್ಟಿ ಅತ್ತೆ ಬಡಿಯುತ್ತಿದ್ದಳು. "ಪುಸ್ತಕಾ ಎಲ್ಲಿಗೆ ಬಂತು?" ಎಂದು ಕುರಿ ಬಿಟ್ಟುಬಂದು ದಿನಾ ಕೇಳುತ್ತಿದ್ದಳು, ಬೆಳೆ ಎಷ್ಟು ಎತ್ತರ ಬಂತು ಎಂದು ಕೇಳುವ ಹಾಗೆ.

ಕೆಲಸದ ನಕಲನ್ನು ಬೇರೆ ಕಡೆ ಇಡಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆಗಲೂ ಇಟ್ಟಿದ್ದೆ, ಒಂದು ಪೆನ್‌ಡ್ರೈವಿನಲ್ಲಿ. ಲಾರಿಯ ಪೂಜೆ ಅದರ ಮಾಲಕರ ಮನೆಯ ಮುಂದೆಯೇ ಆಗಬೇಕೆಂದು ಗಂಡ ಸೊಲ್ಲಾಪುರಕ್ಕೆ ಹೊರಟವನು, ದಾರಿಯಲ್ಲಿ ಹಾಡು ಕೇಳಲು ಅದನ್ನೇ ಜೇಬಿಗಿಳಿಸಿಕೊಂಡು ಹೋಗಿದ್ದ. ಹಾಡು ಹಾಕಲು ಜಾಗ ಸಾಲದೆ ಪುಸ್ತಕವನ್ನು ಅಳಿಸಿದ್ದ. ಆದ್ದರಿಂದ ಎರಡನೆಯ ಮಾತು: ಲಾರಿ ಇರುವ ಮನೆಯಲ್ಲಿ ನಕಲನ್ನು ಗಂಡಸರ ಕೈಗೆ ಎಟುಕದ ಕಡೆ ಇಡಿ.

ದಸರೆಯ ಹಿಂದಿನ ದಿನ ಖಂಡೇನವಮಿ, ಅವತ್ತು ನಮ್ಮಲ್ಲಿ ದುಡಿಯುವ ಹತ್ಯಾರಗಳಿಗೆಲ್ಲ ಪೂಜೆ. ಉಣ್ಣೆ ಕತ್ತರಿಸುವ ಕತ್ತರಿ, ಕುಡಗೋಲು, ಕೊಡಲಿ ಎಲ್ಲವನ್ನೂ ತೊಳೆದು ಜಗಲಿಯ ಮುಂದೆ ಇಟ್ಟಿದ್ದರು. ನಾನು ಕೊನೆಯ ಅಧ್ಯಾಯಕ್ಕೆ ಬಂದಿದ್ದೆ. ಸ್ನಾನಕ್ಕೆಂದು ಎದ್ದೆ, ಜಗಲಿಯ ಪಕ್ಕದಲ್ಲೇ ಮಶೀನು ಚಾಲೂ ಇತ್ತು. ಅತ್ತೆಯ ಲೆಕ್ಕದಲ್ಲಿ ಆ ವರ್ಷ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿದ ಹತ್ಯಾರ ಅದು. ಕುಂಕುಮ ಹಚ್ಚಿ, ಹೂ ಏರಿಸಿ, "ಬೀರಪ್ಪನ ಹೆಸರಿಲೆ ಚಾಂಗಭಲೋ" ಎಂದು ಎರಡೂ ಕೈಯಿಂದ ಭಂಡಾರ ತೂರಿದಳು. ಅರಿಶಿನದ ಪುಡಿಯನ್ನು ಒಳಗಿನ ಫ್ಯಾನು ಸೆಳೆದುಕೊಂಡಿತು. ಅಷ್ಟಕ್ಕೆ ಬಿಟ್ಟಿದ್ದರೂ ಉಳಿಯುತ್ತಿತ್ತು. ಅದರ ನೆತ್ತಿಯ ಮೇಲೇ ಕಾಯಿ ಒಡೆದಳು.

ಠಪ್ ಎಂದ ಸದ್ದು ನನಗೆ ಬಚ್ಚಲಿನವರೆಗೂ ಕೇಳಿಸಿತು. ಬಂದು ನೋಡಿದರೆ ಪರದೆ ಕಪ್ಪು, ಸುಟ್ಟ ವಾಸನೆ, ಪೆಟ್ಟಿಗೆಯ ಜಾಳಿಗೆಯಿಂದ ಹಳದಿ ನೀರು ತೊಟ್ಟಿಕ್ಕುತ್ತಿತ್ತು.

"ಏನಾತು?" ಅತ್ತೆ ಕೇಳಿದಳು. ಕೈಯಲ್ಲಿ ಕಾಯಿಯ ಎರಡು ಹೋಳು ಹಾಗೇ ಇದ್ದವು.

"ಸತ್ತದ ರೀ," ಅಂದೆ.

ಬೈಯಲು ನನ್ನ ಬಾಯಿಗೆ ಬರದ ಮಾತಿಲ್ಲ. ಆದರೆ ಅವಳು ಆ ಎರಡು ಹೋಳನ್ನು ಮತ್ತೆ ಜೋಡಿಸಿ ಹಿಡಿಯಲು ನೋಡುತ್ತಿದ್ದಳು, ಏನು ಬೈಯಲಿ? ಒಳಗೆ ಹೋಗಿ ಅತ್ತುಬಿಟ್ಟೆ. ಬೇಕಾಗಿದ್ದ ಕೆಲಸ ಕಣ್ಣ ಮುಂದೆ ಹೋಯಿತಲ್ಲ ಎಂದು ನಿಜವಾಗಿ ಕಣ್ಣೀರು ಸುರಿಸಿದೆ.

ಅತ್ತಾದ ಮೇಲೆ ತಲೆ ಓಡಿತು. ಸ್ಕ್ರೂಡ್ರೈವರ್ ತಗೊಂಡು ಪೆಟ್ಟಿಗೆ ಬಿಚ್ಚಿದೆ. ಸುಟ್ಟದ್ದು ಕರೆಂಟು ಹಂಚುವ ಡಬ್ಬಿ. ಡಿಸ್ಕು ಇದ್ದದ್ದು ಕೆಳಗಿನ ಮೂಲೆಯಲ್ಲಿ, ಒಣಗಿಯೇ ಇತ್ತು. ಲಿನಕ್ಸ್ ಇರುವ ಡಿಸ್ಕನ್ನು ಬಿಚ್ಚಿ ಬೇರೆ ಮಶೀನಿಗೆ ಹಾಕಿದರೂ ಸಾಮಾನ್ಯವಾಗಿ ಅದು ಎದ್ದು ಕೂರುತ್ತದೆ ಎಂದು ಎಲ್ಲೋ ಓದಿದ್ದೆ. ಮಾಡಿ ನೋಡಿರಲಿಲ್ಲ. ದಸರೆಯ ದಿನ ಅಂಗಡಿಗಳೆಲ್ಲ ಬಂದ್. ಆ ದಿನ ಬನ್ನಿ ಕೊಟ್ಟು ಕೈಮುಗಿದ ನೆಂಟರ ಮುಖಗಳು ಒಂದೂ ನೆನಪಿಲ್ಲ.

ಮರುದಿನ ಬೆಳಗ್ಗೆ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ರೈತರ ಕೈಬರಹವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಅತ್ತೆ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ನೀವ್ಯಾಕ ರೀ? ಕುರಿ ಯಾರ ನೋಡ್ತಾರ?"

"ನಿನ್ನ ಮೈದುನಗ ಹೇಳೀನಿ. ನಾ ಬರ್ತಾ."

ಟಮ್‌ಟಮ್ ಆಟೋದಲ್ಲಿ ಆ ಗಂಟನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಹೈವೇಯಲ್ಲಿ ಗುಂಡಿ ಬಂದಾಗಲೆಲ್ಲ ಎತ್ತಿ ಹಿಡಿಯುತ್ತಿದ್ದಳು. ಅಂಗಡಿಯ ಒಳಗೆ ಮಾತ್ರ ಬರಲಿಲ್ಲ. "ನನ್ನ ಕೈಗುಣ ಸಾಕು ಅದಕ್ಕ, ನಾ ಹೊರಗ ಇರ್ತಾ," ಎಂದು ಮೆಟ್ಟಿಲ ಮೇಲೆ ಕೂತಳು.

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮಾಲಕ ಹಣೆ ಚಚ್ಚಿಕೊಂಡ. ಆದರೂ ತನ್ನ ಒಂದು ಮಶೀನು ತೋರಿಸಿದ. ಅವನ ಡಿಸ್ಕಿನ ವೈರು ಬಿಚ್ಚಿ ನನ್ನದಕ್ಕೆ ಚುಚ್ಚಿ ಚಾಲೂ ಮಾಡಿದೆ. ಡಿಸ್ಕೇ ಇಲ್ಲ ಎಂದು ಒಂದು ಸಾಲು ಬಂತು. ಮಾಲಕ ಗಡಿಯಾರ ನೋಡಿದ. ಹಳೆಯ ಮಶೀನಿನ ಡಿಸ್ಕು ಹೊಸ ಮಶೀನಿಗೆ ಪರಿಚಯವಾಗದಿದ್ದರೆ, ಶುರುವಿನ ಸೆಟ್ಟಿಂಗಿನಲ್ಲಿ ಹಳೆಯ ಪದ್ಧತಿಯನ್ನು ಆರಿಸಬೇಕು ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆರಿಸಿ ಮತ್ತೆ ಚಾಲೂ ಮಾಡಿದೆ.

ನನ್ನ ಪರದೆ ಬಂತು. ನಾನು ಹಾಕಿಕೊಂಡಿದ್ದ ಚಿತ್ರ, ನನ್ನ ಎರಡು ಕೀಬೋರ್ಡು, ನನ್ನ ಪುಸ್ತಕ, ನಿಲ್ಲಿಸಿದ್ದ ಸಾಲಿಗಿಂತ ಸ್ವಲ್ಪವೇ ಹಿಂದೆ. ಪರರ ಮನೆಯಲ್ಲಿ ನನ್ನ ಮನೆ ಎದ್ದು ನಿಂತಿತ್ತು. ಕುಣಿಯಬೇಕು ಅನ್ನಿಸಿತು, ಆದರೆ ಹೊತ್ತಿರಲಿಲ್ಲ. ಉಳಿದ ಪುಟಗಳನ್ನು ಅಲ್ಲೇ ಕೂತು ಬಡಿದೆ. ಮಾಲಕ ಬೆನ್ನ ಹಿಂದೆ ನಿಂತು ಒಂದೆರಡು ತಪ್ಪು ತೋರಿಸಿದ, ಆಮೇಲೆ ಪ್ರಿಂಟರಿಗೆ ಹಾಳೆ ತುಂಬಲು ಹೋದ. ಲಾತೂರಿನವರು ಬಂದಾಗ ಪ್ರಿಂಟರಿನಿಂದ ಕೊನೆಯ ಹಾಳೆ ಬಿಸಿಯಾಗಿಯೇ ಹೊರಗೆ ಬರುತ್ತಿತ್ತು.

ಡಿಸ್ಕು ಬಿಚ್ಚಿಕೊಂಡು, ಅವನ ಮಶೀನನ್ನು ಮೊದಲಿನ ಹಾಗೆ ಮಾಡಿ ಹೊರಗೆ ಬಂದೆ. ಹಿಂದೆಯೇ ಮಾಲಕನೂ ಬಂದ, ಕೈಯಲ್ಲಿ ಒಂದು ದಪ್ಪ ಕಾಗದದ ಕಟ್ಟು. ನನ್ನ ಕೈಗಳು ಖಾಲಿ ಇರಲಿಲ್ಲ. ಅವನಿಗೆ ಬರುವ ಅರೆಬರೆ ಕನ್ನಡದಲ್ಲಿ, "ಮಾವಶಿ, ನೀವ ಹಿಡೀರಿ," ಅಂದ. ಅತ್ತೆ ಎದ್ದು ನಿಂತಳು, ಆದರೆ ಕೈ ಒಡ್ಡಲಿಲ್ಲ. ಮುತ್ತೈದೆಯರು ಅಕ್ಕಿ ಕೊಬ್ಬರಿ ತುಂಬಿಸಿಕೊಳ್ಳುವ ಹಾಗೆ ಸೆರಗು ಹಿಡಿದು ಉಡಿ ಒಡ್ಡಿದಳು. ಅವನು ಒಂದು ಗಳಿಗೆ ತಬ್ಬಿಬ್ಬಾಗಿ, ಕಟ್ಟನ್ನು ಅದರಲ್ಲೇ ಇಟ್ಟ.

"ಏನ ಇದು?" ಅತ್ತೆ ನನ್ನನ್ನು ಕೇಳಿದಳು.

"ಮುಂದಿನ ಕೆಲಸ ರೀ."

"ಅಂದ್ರ ನಿನ್ನ ಕೆಲಸ ಹೋಗಿಲ್ಲ?"

"ಇಲ್ಲ ರೀ. ಅದ."

ಉಡಿಯಲ್ಲಿದ್ದ ಕಾಗದವನ್ನು ಒಮ್ಮೆ ನೋಡಿದಳು. ಆಮೇಲೆ ರಸ್ತೆಯ ಆಚೆಗಿದ್ದ ಖಾನಾವಳಿಯ ಕಡೆ ತಿರುಗಿದಳು.

"ಹಂಗಾರ ನಡಿ, ಎರಡು ರೊಟ್ಟಿ ತಿನ್ನಮಿ. ಕಾಯಿ ಒಡದಾಗಿಂದ ನಾ ಉಂಡಿಲ್ಲ."