ಗೀರಿ ನೋಡುವ ಅತ್ತೆ

ಗೀರಮ್ಮ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಅದು ಬ್ಯಾಂಕಿನವರಿಗೆ ಮಾತ್ರ ಬೇಕು. ಗಂಡ ತೀರಿಕೊಂಡ ಮೇಲೆ, ಲಾರಿ ರೇಡಿಯೇಟರಿಗೆ ಬೆಸುಗೆ ಹಾಕುವ ಅಂಗಡಿಯನ್ನು ಇಪ್ಪತ್ತು ವರ್ಷ ಒಬ್ಬರೇ ನಡೆಸಿದ ಗಟ್ಟಿ ಹೆಂಗಸು. ಲಾರಿ ಕೆಲಸ ಕಡಿಮೆಯಾಗಿ, ಕಾದು ಕೆಂಡವಾಗುವ ದೊಡ್ಡ ಕಂಪ್ಯೂಟರುಗಳನ್ನು ನೀರು ಹರಿಸಿ ತಂಪು ಮಾಡುವ ಕಾಲ ಬಂತು. "ಎಂಜಿನ್ ಆದ್ರೇನು, ಕಂಪ್ಯೂಟರ್ ಆದ್ರೇನು, ಬಿಸಿ ಬಿಸಿನೇ, ನೀರು ನೀರೇ" ಎಂದು ಐವತ್ತೆರಡನೇ ವಯಸ್ಸಿಗೆ ಅದನ್ನೂ ಕಲಿತರು. ಪುಸ್ತಕ ಓದಿ ಅಲ್ಲ, ಮೂರು ಹಳೆಯ ಕಂಪ್ಯೂಟರುಗಳಿಗೆ ನೀರು ಕುಡಿಸಿ ಹಾಳುಮಾಡಿ ಕಲಿತರು.

ಅವರದು ಒಂದೇ ಹಟ. ನೀರು ಮುಟ್ಟುವ ಭಾಗವೆಲ್ಲ ತಾಮ್ರ, ಇಲ್ಲವೇ ಹಿತ್ತಾಳೆ. ಅಲ್ಯೂಮಿನಿಯಂ ಹತ್ತಿರ ಸುಳಿಯಕೂಡದು. ತಾಮ್ರದ ಜೊತೆ ಒಂದೇ ನೀರಿಗೆ ಬಿದ್ದರೆ ಅಲ್ಯೂಮಿನಿಯಂ ದಿನದಿನಕ್ಕೂ ಸವೆಯುತ್ತದೆ. ಸವೆದದ್ದು ಬಿಳಿ ಲೋಳೆಯಾಗಿ ಹೋಗಿ ಇನ್ನೆಲ್ಲೋ ಕಟ್ಟಿಕೊಳ್ಳುತ್ತದೆ. ನೀರಿಗೆ ಯಾವ ಔಷಧಿ ಹಾಕಿದರೂ ಅದು ನಾಲ್ಕು ದಿನ ತಡವಾದೀತೇ ಹೊರತು ತಪ್ಪದು. ಹಾಗಾಗಿ ಬಣ್ಣವನ್ನಾಗಲಿ ಪೆಟ್ಟಿಗೆಯ ಮೇಲಿನ ಬರಹವನ್ನಾಗಲಿ ಗೀರಮ್ಮ ನಂಬುವವರಲ್ಲ. ಬಂದ ಪ್ರತಿ ಭಾಗದ ಬಾಯಿಯ ಅಂಚನ್ನು ಲೋಹ ಉಜ್ಜುವ ಅರದಿಂದ ಒಮ್ಮೆ ಗೀರುತ್ತಾರೆ. ಕೆಂಪು ಕಂಡರೆ ತಾಮ್ರ, ಹಳದಿ ಕಂಡರೆ ಹಿತ್ತಾಳೆ, ಬೆಳ್ಳಗೆ ಕಂಡರೆ ಬಂದ ದಾರಿಗೇ ವಾಪಸ್. ಗೀರಮ್ಮ ಎಂಬ ಹೆಸರು ಬಂದದ್ದು ಹಾಗೆ.

ಅವರ ಸೊಸೆಗೆ ಈ ಗೀರೆಂದರೆ ಮುಜುಗರ. ಅಷ್ಟು ಚೆಂದದ ಹೊಸ ಸಾಮಾನನ್ನು ಪರಚಿ ಕೊಡುವುದೇ? ನಾಲ್ಕು ವರ್ಷ ಅತ್ತೆಯ ಪಕ್ಕ ಕೂತು ಕಲಿತವಳು, ಪೈಪು ಬಗ್ಗಿಸುವುದರಲ್ಲಂತೂ ಅತ್ತೆಯನ್ನೇ ಮೀರಿಸಿದವಳು. ಆದರೂ ಅವಳು ಬಿಗಿದ ಒಂದೊಂದು ತಿರುಪನ್ನೂ ಅತ್ತೆ ಮತ್ತೆ ಮುಟ್ಟಿ ನೋಡುವುದು ತಪ್ಪಿರಲಿಲ್ಲ. "ಒಂದನ್ನಾದ್ರೂ ನಂಗೇ ಬಿಡಿ ಅತ್ತೆ" ಎಂದು ಬೆನ್ನು ಬಿದ್ದು, ಮಕ್ಕಳ ಕಾರ್ಟೂನ್ ಸಿನಿಮಾ ಮಾಡುವ ಚಿತ್ರಕಾರ್ತಿಯೊಬ್ಬರ ಕಂಪ್ಯೂಟರನ್ನು ಪೂರ್ತಿ ತಾನೇ ಕಟ್ಟಿದಳು. ಇದೊಂದು ಗೆದ್ದರೆ ಅಂಗಡಿಯಲ್ಲಿ ತಾನೂ ಒಬ್ಬಳು ಮೇಸ್ತ್ರಿ ಎಂಬ ಆಸೆ ಅವಳಿಗೆ. ನೀರು ತಣಿಸಲು ತಂದ ಹೊಸ ರೇಡಿಯೇಟರ್ ಕಪ್ಪು ಬಣ್ಣ ಬಳಿದು ಮಿಂಚುತ್ತಿತ್ತು, ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ತಾಮ್ರ ಎಂದಿತ್ತು. ಗೀರಲು ಮನಸ್ಸು ಬರಲಿಲ್ಲ.

ಮೂರನೇ ತಿಂಗಳಿಗೆ ಫೋನ್ ಬಂತು, ಕಂಪ್ಯೂಟರ್ ಕಾದು ತಾನೇ ಆಫ್ ಆಗುತ್ತಿದೆ ಎಂದು. ಅತ್ತೆ, ಸೊಸೆ ಇಬ್ಬರೂ ಹೋದರು. ಸೊಸೆ ನೀರನ್ನು ಬಕೆಟ್ಟಿಗೆ ಇಳಿಸಿದಳು: ಪಾತ್ರೆ ತೊಳೆದ ನೀರಿನ ಬಣ್ಣ. ಕಂಪ್ಯೂಟರಿನ ಮುಖ್ಯ ಚಿಪ್ ಮೇಲೆ ಕೂರುವ ತಾಮ್ರದ ಬಿಲ್ಲೆ ಬಿಚ್ಚಿದರೆ ಅದರ ಸಣ್ಣ ಸಂದುಗಳ ತುಂಬ ಬಿಳಿ ಲೋಳೆ.

"ನಂದೇ ತಪ್ಪು ಅನ್ಸುತ್ತೆ," ಎಂದರು ಚಿತ್ರಕಾರ್ತಿ. "ನೀರು ಕಮ್ಮಿ ಆಗಿತ್ತು ಅಂತ ಒಂದ್ಸಲ ನಲ್ಲಿ ನೀರು ಸುರಿದುಬಿಟ್ಟೆ. ನೀವು ಬೇಡ ಅಂದಿದ್ರಿ."

ನೋಡಿ, ಬಯಸದೇ ಬಂದ ಭಾಗ್ಯ ಅಂದರೆ ಇದು. ಸೊಸೆ ಹೂಂ ಅಂದರೆ ಮುಗಿಯಿತು. ಅತ್ತೆ ರೇಡಿಯೇಟರನ್ನು ಬಿಚ್ಚಿ ಅಂಗೈಯಲ್ಲಿ ತೂಗಿದರು, ತಾಮ್ರದ ಭಾರವಿರಲಿಲ್ಲ; ಅದರ ಬಾಯನ್ನು ಬೆಳಕಿಗೆ ಹಿಡಿದರು. ಅಲ್ಲಿ ಗೀರು ಇರಲಿಲ್ಲ. ಅದನ್ನು ಕೆಳಗಿಟ್ಟು ಹೋಗಿ ಸೋಫಾದಲ್ಲಿ ಕೂತರು. ಅವರೇ ನಾಲ್ಕು ಮಾತು ಬೈದಿದ್ದರೆ ಸೊಸೆಗೆ ಎಷ್ಟೋ ಹಗುರವಾಗುತ್ತಿತ್ತು.

"ನಲ್ಲಿ ನೀರಿಂದಲ್ಲ ಮೇಡಂ," ಎಂದಳು ಸೊಸೆ. "ಇದು ತಾಮ್ರನೇ ಅಲ್ಲ, ಅಲ್ಯೂಮಿನಿಯಂ. ನಾನು ಪರೀಕ್ಷೆ ಮಾಡ್ದೆ ಹಾಕ್ಬಿಟ್ಟೆ. ಹೀಗೇ ಬಿಟ್ಟಿದ್ರೆ ತೂತು ಬಿದ್ದು ನೀರೆಲ್ಲ ಬೋರ್ಡ್ ಮೇಲೆ ಸುರೀತಿತ್ತು."

ಚಿತ್ರಕಾರ್ತಿಯ ಮುಖ ಬಿಗಿದುಕೊಂಡಿತು. "ನನ್ನ ಏಳು ತಿಂಗಳ ಕೆಲಸ ಇದರೊಳಗಿದೆ, ಗೊತ್ತಾ?" ಎಂದವರು ಅತ್ತೆಯತ್ತ ತಿರುಗಿದರು. "ಇನ್ಮೇಲೆ ಇದನ್ನ ನೀವೇ ಮುಟ್ಟಿ. ಇವರು ಬೇಡ."

ಅದೇನು ಅನ್ಯಾಯದ ಮಾತಲ್ಲ. ಸೊಸೆ ಸ್ಪ್ಯಾನರ್ ಕೆಳಗಿಟ್ಟಳು.

"ನಾನೇ ಮಾಡ್ಬೋದು," ಎಂದರು ಅತ್ತೆ, ಕೂತಲ್ಲಿಂದ ಏಳದೆ. "ಆದ್ರೆ ಒಂದು ಮಾತು. ತಪ್ಪು ನಿಮ್ದು ಅಂತ ನೀವೇ ಅಂದ್ರಿ. ಇವಳು ಹೂಂ ಅಂದಿದ್ರೆ ನಿಮಗೆ ಈ ಜನ್ಮದಲ್ಲಿ ಗೊತ್ತಾಗ್ತಿರ್ಲಿಲ್ಲ. ಅರ ಹಿಡಿಯೋದನ್ನ ನಾನು ಕಲಿಸ್ತೀನಿ. ಇದನ್ನ ಕಲಿಸೋಕೆ ನಂಗೂ ಬರಲ್ಲ."

ಚಿತ್ರಕಾರ್ತಿ ಬಕೆಟ್ಟಿನ ನೀರನ್ನು ಬಗ್ಗಿ ನೋಡಿದರು. ಆಮೇಲೆ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. "ಸರಿ, ಮಾಡಿ."

ಅತ್ತೆಯ ಚೀಲದಲ್ಲಿ ಬೇರೆ ರೇಡಿಯೇಟರ್ ಇತ್ತು. ಸೊಸೆ ಮೊದಲು ಅದರ ಅಂಚನ್ನು ಗೀರಿದಳು, ಹಳದಿ. ಬಿಲ್ಲೆಯನ್ನು ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಪೈಪುಗಳನ್ನು ಮೂರು ಸಲ ತೊಳೆದು, ಡಿಸ್ಟಿಲ್ಡ್ ನೀರು ತುಂಬಿದಳು. ಕಂಪ್ಯೂಟರ್ ಹಾಕದೆ ಬರೀ ಪಂಪು ಓಡಿಸಿ, ಒಂದೊಂದು ಕೊಂಡಿಯ ಕೆಳಗೂ ಕಾಗದ ಇಟ್ಟು ಕಾದಳು. ಯಾವುದೂ ಒದ್ದೆಯಾಗಲಿಲ್ಲ. ಇದಕ್ಕೇ ಎರಡು ಗಂಟೆ ಹಿಡಿಯಿತು.

"ಅತ್ತೆ, ಒಂದ್ಸಲ ಮುಟ್ಟಿ ನೋಡ್ತೀರಾ?" ಎಂದು ತಿರುಗಿದಳು. ಅತ್ತೆ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದುಕೊಂಡು, ಪರರ ಮನೆಯೆಂಬ ಪರಿವೆಯೂ ಇಲ್ಲದೆ ಗೊರಕೆ ಹೊಡೆಯುತ್ತಿದ್ದರು. ಅವರು ಕೆಲಸದ ಜಾಗದಲ್ಲಿ ಕಣ್ಣು ಮುಚ್ಚಿದ್ದನ್ನು ಸೊಸೆ ಈ ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಎಬ್ಬಿಸಲು ಹೋಗಲಿಲ್ಲ. ಕಣ್ಣು ಒರೆಸಿಕೊಂಡು ತಾನೇ ಸ್ವಿಚ್ ಹಾಕಿದಳು.