ಬಾಣಂತಿಗೆ ತಣ್ಣೀರು

ಬೆಳಗಿನ ಜಾವ ತಣ್ಣೀರು ಸುರಿದುಕೊಳ್ಳುವುದನ್ನು ನನಗೆ ಕಲಿಸಿದ್ದು ಬಳ್ಳಾರಿಯ ಶಿಕ್ಷಕರ ತರಬೇತಿ ಶಾಲೆಯ ಹಾಸ್ಟೆಲ್. ಗಂಟೆ ಹೊಡೆದ ಕೂಡಲೇ ಹಾಸಿಗೆ ಸುತ್ತಿಟ್ಟು ತೊಟ್ಟಿಯ ಬಳಿ ಸಾಲಾಗಿ ನಿಲ್ಲಬೇಕು. ಬಳ್ಳಾರಿ ಎಂದರೆ ಬರೀ ಬಿಸಿಲು ಎನ್ನುವವರು ಪುಷ್ಯ ಮಾಸದ ಬೆಳಗಿನಲ್ಲಿ, ಕೋಟೆ ಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಬರಿಮೈಯಲ್ಲಿ ನಿಂತವರಲ್ಲ. ನಮ್ಮ ವಾರ್ಡನ್ ಹೇಳುತ್ತಿದ್ದುದು ಇಷ್ಟೇ: "ಉಸಿರು ಹಿಡೀಬ್ಯಾಡ್ರಿ, ಬಿಡ್ರಿ. ಮೊದಲು ಪಾದ, ಆಮ್ಯಾಲೆ ಮೊಣಕಾಲು, ಕೈ, ಬೆನ್ನು. ತಲೀ ಕಡೀಗೆ."

ಮೊದಲ ತಂಬಿಗೆಗೆ ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ಉದ್ದಕ್ಕೆ ಹೊರಗೆ ಬಿಟ್ಟರೆ ಮುಂದಿನ ತಂಬಿಗೆಯನ್ನು ಮೈ ಒಪ್ಪಿಕೊಳ್ಳುತ್ತದೆ. ಒರೆಸಿಕೊಂಡ ಮೇಲೆ ಚರ್ಮದ ಒಳಗಿನಿಂದ ಬಿಸಿ ಏರುತ್ತದೆ. ಹಿಂದಿನ ದಿನದ ಬೇಸರ, ಸಿಟ್ಟು ಎಲ್ಲವೂ ದೂರ ಸರಿದಂತಿರುತ್ತದೆ. ಆ ಹೊತ್ತಿನಲ್ಲಿ ಬರೆದಷ್ಟು ಚೊಕ್ಕಟವಾಗಿ ಪಾಠದ ಟಿಪ್ಪಣಿಯನ್ನು ನಾನು ಬೇರೆ ಹೊತ್ತಿನಲ್ಲಿ ಬರೆದಿಲ್ಲ. ನೆಗಡಿ ಬಾರದು, ಆಯುಸ್ಸು ಹೆಚ್ಚುತ್ತದೆ ಎಂದೆಲ್ಲ ಹೇಳಲಾರೆ. ನನಗೂ ನೆಗಡಿ ಬರುತ್ತಿತ್ತು. ಎದೆಯ ತೊಂದರೆ ಇದ್ದವರು ಇದನ್ನು ಮಾಡಲೇಬಾರದು. ವಯಸ್ಸಾಯಿತೆಂದು ನಾನೂ ಈಗ ಉಗುರುಬೆಚ್ಚಗಿನ ನೀರಿಗೆ ಬಂದಿದ್ದೇನೆ.

ಕುರುಗೋಡಿನ ಶಾಲೆಯಲ್ಲಿ ಕೆಲಸ ಸಿಕ್ಕ ವರ್ಷವೇ ಸಿರುಗುಪ್ಪದ ಸೋದರಮಾವನ ಮಗಳನ್ನು ಮದುವೆಯಾದೆ. ಅತ್ತೆಯ ಮನೆಯಲ್ಲಿ ನನ್ನ ಈ ಅಭ್ಯಾಸ ದೊಡ್ಡ ತಕರಾರಾಯಿತು. ಬಾವಿಯಿಂದ ಆಗಷ್ಟೇ ಸೇದಿದ ನೀರು ಚಳಿಗಾಲದಲ್ಲಿ ಬೆಚ್ಚಗಿರುತ್ತದೆ. ಆದ್ದರಿಂದ ಹಿತ್ತಲಿನಲ್ಲಿ ಎಮ್ಮೆಗೆ ನೀರಿಡುವ ಕಲ್ಲುಬಾನಿಯನ್ನು ಸಂಜೆಯೇ ತಿಕ್ಕಿ ತೊಳೆದು, ತುಂಬಿಸಿ, ಬಯಲಲ್ಲಿ ಆರಲು ಬಿಡುತ್ತಿದ್ದೆ.

"ಹಂಡೇದಾಗ ನೀರು ಕುದಿಯಾಕ ಹತ್ಯಾವು. ಅಳಿಯ ತಣ್ಣೀರು ಹುಯ್ಕೊಂಡ್ರ ಓಣಿ ಮಂದಿ ಏನಂದಾರು? ಕಟಿಗಿಗೆ ಗತಿ ಇಲ್ಲದ ಮನಿ ಅಂತಾರ," ಎಂದು ಅತ್ತೆ ಗೊಣಗುವಳು.

ಮಾವ ಕಟ್ಟೆಯ ಮೇಲಿಂದಲೇ ಕೇಳುವರು: "ಎಮ್ಮಿ ಬಾನಿ ಮೇಷ್ಟ್ರು ಹಿಡಕೊಂಡ್ರ, ಎಮ್ಮಿ ಯಾವ ಸಾಲಿಗೆ ಹೋಗ್ಬೇಕೋ?"

ಚೊಚ್ಚಲ ಹೆರಿಗೆಗೆ ಹೆಂಡತಿ ತವರಿಗೆ ಹೋದಳು. ಗಂಡುಮಗು. ಅದು ಅಳಲೇ ಇಲ್ಲ. ಸುದ್ದಿ ತಿಳಿದು ನಾನು ಸಿರುಗುಪ್ಪ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ಆದರೆ ಬಾಣಂತನ ನಿಲ್ಲಲಿಲ್ಲ. ಕಿಟಕಿ ಮುಚ್ಚಿದ ಕೋಣೆ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಲೋಬಾನದ ಹೊಗೆ. ದಿನಾ ಬೆಳಿಗ್ಗೆ ಮೈ ಕೆಂಪಾಗುವಂತೆ ಹಂಡೆಗಟ್ಟಲೆ ಬಿಸಿನೀರು. ಕೂಸಿರುವ ಮನೆಯಲ್ಲಿ ನಡೆಯುವುದೆಲ್ಲ ಕೂಸಿಲ್ಲದೆ ನಡೆಯುತ್ತಿತ್ತು. ಇದೆಲ್ಲ ಈಗ ಯಾಕೆಂದು ನಾನು ಒಮ್ಮೆ ಸಂಕೋಚದಿಂದಲೇ ಕೇಳಿದಾಗ ಅತ್ತೆ ಕಣ್ಣೊರೆಸಿಕೊಂಡು, "ಕೂಸಿಲ್ಲ ಅಂದ್ರ ಹಡದ ಮೈ ಸುಳ್ಳೇನು? ಇಷ್ಟರ ಮಾಡಬ್ಯಾಡೇನು ನಾನು?" ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಮಾಡಲು ಅವಳಿಗೆ ಬೇರೇನೂ ಉಳಿದಿರಲಿಲ್ಲ.

ನನ್ನ ಹೆಂಡತಿ ಅಳಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವಳು ನಿದ್ರೆ ಮಾಡುತ್ತಿರಲಿಲ್ಲ. ಶನಿವಾರ ಶಾಲೆ ಬಿಟ್ಟು ಬಸ್ಸು ಹಿಡಿದು ಹೋದಾಗಲೆಲ್ಲ ತೊಲೆಯನ್ನು ದಿಟ್ಟಿಸುತ್ತಾ ಮಲಗಿರುವುದನ್ನೇ ಕಾಣುತ್ತಿದ್ದೆ. ಬಳ್ಳಾರಿಗೆ ಕರೆದೊಯ್ದು ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆ. ಮೈ ಪೂರ್ತಿ ಮಾಗಿದೆ, ಕಿಟಕಿ ತೆರೆಯಿರಿ, ಯಾವ ನೀರಾದರೂ ಆದೀತು ಎಂದರು ಅವರು. ಆಮೇಲೆ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, "ನಿದ್ದೆ ಬರಬೇಕು. ಹೀಗೇ ಆದರೆ ಈ ಹುಡುಗಿ ನಿಮ್ಮ ಕೈಗೆ ಉಳಿಯುವುದಿಲ್ಲ," ಎಂದರು. ಆ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮರುವಾರ, ಭಾನುವಾರ ಬೆಳಿಗ್ಗೆ, ಬಾನಿಯ ಬಳಿ ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುತ್ತಿದ್ದೆ. ಹಿತ್ತಿಲ ಬಾಗಿಲಲ್ಲಿ ಅವಳು ನಿಂತಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡೇ.

"ನೀವು ನೀರು ಹಾಕ್ಕೊಳ್ಳೋ ಸಪ್ಪಳ ಒಳಗ ಕೇಳತೈತಿ. ನನಗೂ ಹಾಕ್ರಿ," ಎಂದಳು.

ಮಾತು ಕೇಳಿಸಿ ಅತ್ತೆ ಓಡಿ ಬಂದಳು. "ಏನು ಹುಚ್ಚವ್ವ ಇದು! ಥಂಡಿ ಹಿಡಿತೈತಿ. ನಡಿ ಒಳಗ."

"ಒಳಗ ಬ್ಯಾಡವ್ವಾ. ಒಳಗ ಉಸಿರು ಬರವಲ್ದು."

"ಅತ್ತೀ," ಎಂದೆ, "ಯಾವ ನೀರಾದ್ರೂ ಆದೀತು ಅಂತ ಡಾಕ್ಟರಮ್ಮ ಹೇಳ್ಯಾರ. ಬರೇ ಪಾದಕ್ಕ ಹಾಕಿ ನೋಡೂಣು."

"ಇಕಿನ್ನ ಹಡದಾಕಿ ಡಾಕ್ಟರಮ್ಮ ಏನು?"

ಹಾಗೆಂದವಳು ಮಗಳ ಕಡೆ ತಿರುಗಿದಳು. ಮಗಳ ಮುಖವನ್ನು ಬೆಳಕಿನಲ್ಲಿ ನೋಡಿ ಅದೆಷ್ಟು ದಿನವಾಗಿತ್ತೋ. ಸ್ವಲ್ಪ ಹೊತ್ತು ನೋಡಿ, ನನ್ನ ಕೈಯಿಂದ ತಂಬಿಗೆ ಕಸಿದುಕೊಂಡಳು. "ಸರೀರಿ ಅತ್ತಾಗ. ಹಾಕೂದಾದ್ರ ನಾನ ಹಾಕ್ತೀನಿ."

ಬಾನಿಯಿಂದ ನೀರು ತುಂಬಿಕೊಂಡು ಮೊದಲು ತನ್ನ ಪಾದದ ಮೇಲೆ ಸುರಿದುಕೊಂಡು ನೋಡಿದಳು, ಎಳೆಗೂಸಿಗೆ ಎರೆಯುವ ಮುಂಚೆ ತಾಯಂದಿರು ನೋಡುವಂತೆ. "ಸಿವಸಿವಾ!" ಎಂದು ಕಾಲು ಎಳೆದುಕೊಂಡಳು. ಆಮೇಲೆ ಬಗ್ಗಿ, ಮಗಳ ಪಾದದ ಮೇಲೆ ಮೆಲ್ಲಗೆ ಬಿಟ್ಟಳು. ಮೊಣಕಾಲಿಗೆ ಹಾಕಿದಾಗ ನನ್ನ ಹೆಂಡತಿಯ ಉಸಿರು ಸಿಕ್ಕಿಕೊಂಡಿತು.

"ಹಿಡೀಬ್ಯಾಡ, ಬಿಡು," ಎಂದೆ.

ಬಿಟ್ಟಳು. ಆ ಉಸಿರಿನ ಹಿಂದೆಯೇ ಅಳು ಬಂತು. ಓಣಿಗೆ ಕೇಳುವಷ್ಟು ಜೋರಾಗಿ, "ಅವ್ವಾ, ನನ್ನ ಕೂಸೇ..." ಎಂದು ಅತ್ತಳು. ಅತ್ತೆ ಹೆದರಿ ತಂಬಿಗೆ ಕೆಳಗಿಟ್ಟರೆ, ಇವಳು ಅಳುತ್ತಲೇ ಅದನ್ನೆತ್ತಿ ಅವ್ವನ ಕೈಗೆ ಕೊಟ್ಟಳು. "ಹಾಕವ್ವಾ. ಇನ್ನೊಂದು ಹಾಕು."

ಅತ್ತೆಯೂ ಅಳುತ್ತಾ ಕೈಗೆ, ಮುಖಕ್ಕೆ, ಬೆನ್ನಿಗೆ ಹಾಕಿದಳು. ತಲೆಗೆ ಮಾತ್ರ ಒಪ್ಪಲಿಲ್ಲ. "ನೀವು ಎಷ್ಟರ ಓದಿರ್ರಿ, ತಲಿಗೆ ಹಾಕಾಂಗಿಲ್ಲ," ಎಂದು ನನ್ನನ್ನೇ ಗದರಿದಳು, ನಾನು ಬಾಯಿ ತೆರೆಯದಿದ್ದರೂ.

ತಣ್ಣೀರು ಆ ಮಗುವನ್ನು ಮರೆಸಿತೆಂದು ನಾನು ಬರೆಯಲಾರೆ. ಅವಳು ಎಂದೂ ಮರೆಯಲಿಲ್ಲ, ನಾನೂ ಮರೆತಿಲ್ಲ. ಕಟ್ಟಿಕೊಂಡಿದ್ದ ಉಸಿರನ್ನು ಬಿಡಿಸಿತು, ಅಷ್ಟು ಮಾತ್ರ ಕಂಡೆ.

ಅಂದು ಬಿಸಿರೊಟ್ಟಿ ತಿಂದಳು. ಪಡಸಾಲೆಯಲ್ಲಿ ಬಿಸಿಲು ಬೀಳುವ ಕಡೆ ಚಾಪೆ ಹಾಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಹತ್ತಿರ ಕೂತು ನೋಡಿದೆ. ಕಣ್ಣು ಮುಚ್ಚಿದ್ದವು, ಬಾಯಿ ಸ್ವಲ್ಪ ತೆರೆದಿತ್ತು, ಹೊದಿಕೆ ಒಂದೇ ಸಮನೆ ಏರಿ ಇಳಿಯುತ್ತಿತ್ತು. ಅತ್ತೆ ಹೊಸ್ತಿಲ ಮೇಲೆ ಕಾವಲು ಕೂತಳು. ಮಾವ ಕೆಮ್ಮಿದರೂ ಕಣ್ಣು ಕೆಕ್ಕರಿಸುತ್ತಿದ್ದಳು.

ಅಷ್ಟರಲ್ಲಿ ಓಣಿಯಲ್ಲಿ ಉಪ್ಪಿನವನು ದೊಡ್ಡ ದನಿಯಲ್ಲಿ ಕೂಗುತ್ತಾ ಬಂದ. ಅತ್ತೆ ಬರಿಗಾಲಲ್ಲೇ ಬೀದಿಗಿಳಿದಳು. "ಲೇ, ಬಾಯಿ ಮುಚ್ಚೋ! ನನ್ನ ಮಗಳು ಮಲಗ್ಯಾಳ."

ಅವನೂ ದನಿ ತಗ್ಗಿಸಿ, "ಉಪ್ಪು ಬ್ಯಾಡೇನಮ್ಮಾ?" ಎಂದ.

"ಬೇಕು," ಎಂದಳು ಅತ್ತೆ, ಸೆರಗು ಒಡ್ಡುತ್ತಾ. "ಸಪ್ಪಳಾಗದಂಗ ಅಳದು ಹಾಕು."